ನಂದಿಯಲ್ಲಿ ಮಾದಪ್ಪನ ಹೆಸರು

ಮನುಷ್ಯ ಸಿನಿಮಾಕ್ಕೆ ಹಲವು ದಾರಿಯಿಂದ ಹೋಗುತ್ತಾನೆ. ಕೆಲವರು ಮುಖದಿಂದ ಹೋಗುತ್ತಾರೆ, ಕೆಲವರು ಮಾವನಿಂದ. ಕೇರಳದ ಗಡಿಯ ತೃಶ್ಶಿಲೇರಿಯ ಮಾದಪ್ಪ ಹೋದದ್ದು ಏಣಿಯಿಂದ.

ಹೋದ ವರ್ಷ ಮೆಣಸು ಕೊಯ್ಯುವ ಕಾಲದಲ್ಲಿ ಅವನ ಮನೆಯ ಕೆಳಗಿನ ಗದ್ದೆಗೆ ಸಿನಿಮಾದವರು ಬಂದು ನಾಲ್ಕು ದಿನ ಠಿಕಾಣಿ ಹೂಡಿದ್ದರು. ಕ್ಯಾಮರಾದವನಿಗೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ತುದಿಯಿಂದ ಊರು ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು. ಮೇಲೆತ್ತುವ ಯಂತ್ರವನ್ನು ಅವರೇ ತಂದಿದ್ದರು, ಆದರೆ ಅದು ಗದ್ದೆಗಿಳಿದ ಹತ್ತು ನಿಮಿಷಕ್ಕೆ ಹೊಟ್ಟೆಯವರೆಗೆ ಹೂತುಹೋಯಿತು. ಆಗ ನೆನಪಾದದ್ದು ಮಾದಪ್ಪನ ಮೆಣಸಿನ ಏಣಿ. ಒಂದೇ ಬಿದಿರು, ಗೆಣ್ಣಿಗೊಂದು ಗೂಟ, ಇಪ್ಪತ್ತೆರಡು ಅಡಿ. ನಾಲ್ಕು ದಿನವೂ ಮಾದಪ್ಪ ಅದರ ಬುಡವನ್ನು ತಬ್ಬಿಕೊಂಡು ನಿಂತ. ಮೇಲೆ ಏನು ಚಿತ್ರೀಕರಣ ಆಗುತ್ತಿದೆ ಎಂಬುದು ಅವನಿಗೆ ಕಾಣಲಿಲ್ಲ. ಕಂಡದ್ದು ಕ್ಯಾಮರಾದವನ ಅಂಗಾಲು ಮಾತ್ರ. ಆದರೆ ಕ್ಯಾಮರಾದವನ ಅಂಗಾಲೂ ಸಿನಿಮಾದ ಒಂದು ಭಾಗವೇ ಎಂದು ಅವನು ಆಮೇಲೆ ಬಹಳ ಜನರಿಗೆ ಹೇಳಿದ.

ಕೊನೆಯ ದಿನ ನೋಟ್‌ಬುಕ್ಕು ಹಿಡಿದುಕೊಂಡು ಅನಘ ಎಂಬ ಹುಡುಗಿ ಬಂದಳು. ಸಹಾಯಕ ನಿರ್ದೇಶಕಿ. "ಚೇಟ್ಟಾ, ನಂದಿಯಲ್ಲಿ ಹೆಸರು ಹಾಕ್ತೀವಿ" ಎಂದು ಅಣ್ಣನನ್ನು ಕರೆದ ಹಾಗೆ ಮಲಯಾಳದಲ್ಲಿ ಹೇಳಿ ಹೋದಳು.

ಮಲಯಾಳದಲ್ಲಿ ನಂದಿ ಎಂದರೆ ಕೃತಜ್ಞತೆ. ಈಗಿನ ಮಲಯಾಳ ಸಿನಿಮಾಗಳು ಕತೆ ಶುರು ಮಾಡುವ ಮೊದಲು ಕಂಡವರಿಗೆಲ್ಲ ನಂದಿ ಹೇಳುತ್ತವೆ. ಕಲೆಕ್ಟರಿಂದ ಹಿಡಿದು ಲಾಡ್ಜಿನ ಕಾವಲುಗಾರನವರೆಗೆ, ಇರುವೆಯಷ್ಟು ದೊಡ್ಡ ಅಕ್ಷರದಲ್ಲಿ, ಪುಟದ ಮೇಲೆ ಪುಟ. ಮಾದಪ್ಪನಿಗೆ ಇದು ಚೆನ್ನಾಗಿ ಗೊತ್ತು. ಅವನ ಅಜ್ಜ ಗಡಿಯಾಚೆ ಕನ್ನಡ ನಾಡಿನ ಕೋಟೆ ತಾಲ್ಲೂಕಿನಿಂದ ಬಂದು ಇಲ್ಲಿ ನೆಲೆ ನಿಂತವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ರೇಷನ್ ಕಾರ್ಡಿನಲ್ಲೂ ಮಲಯಾಳ. ಎರಡೂ ಅವನ ಬಾಯಲ್ಲಿ ಒಂದೇ ಗದ್ದೆಯ ನೀರಿನ ಹಾಗೆ ಹರಿಯುತ್ತವೆ. ಹೆಸರು ಬರುವ ಈ ಸುದ್ದಿಯನ್ನು ಅವನು ತೃಶ್ಶಿಲೇರಿಯಲ್ಲೇ ಇಟ್ಟುಕೊಂಡಿದ್ದರೆ ಯಾವ ರಗಳೆಯೂ ಇರಲಿಲ್ಲ. ಆದರೆ ತೃಶ್ಶಿಲೇರಿಯಲ್ಲಿ ಈ ಸುದ್ದಿಗೆ ಕಿಮ್ಮತ್ತಿರಲಿಲ್ಲ. ಚಹಾದಂಗಡಿಯಲ್ಲಿ ಹೇಳಿದಾಗ ಅಂಗಡಿಯ ವೇಲಾಯುಧನ್ ಗ್ಲಾಸು ತೊಳೆಯುತ್ತಲೇ, "ನಂದೂ ಇದೆ, ಅಂಗಡಿದೂ ಬೇರೆ ಇದೆ" ಎಂದುಬಿಟ್ಟ.

ಕಿಮ್ಮತ್ತು ಬೇಕಾದರೆ ಗಡಿ ದಾಟಬೇಕಿತ್ತು. ಗಡಿಯಾಚೆ ಬಸವೇಶ್ ಇದ್ದ.

ಬಸವೇಶ್ ಮಾದಪ್ಪನ ಹೆಂಡತಿ ನಿಂಗಮ್ಮನ ಅಣ್ಣ. ಕೋಟೆ ತಾಲ್ಲೂಕಿನಲ್ಲಿ ಅವನಿಗೊಂದು ಟ್ರ್ಯಾಕ್ಟರು, ಅದಕ್ಕೆ ತಕ್ಕ ಮೀಸೆ, ಮತ್ತು ಮಾದಪ್ಪನ ಬಗ್ಗೆ ಒಂದು ಅಭಿಪ್ರಾಯ ಇತ್ತು. "ಮರ ಹತ್ತೋನಿಗೆ ಹುಡುಗಿ ಕೊಟ್ಟೋ" ಎಂಬುದು ಆ ಅಭಿಪ್ರಾಯ. ಇಪ್ಪತ್ತಾರು ವರ್ಷದಿಂದ ಅದನ್ನು ಅವನು ಬದಲಾಯಿಸಿರಲಿಲ್ಲ. ಮಾದಪ್ಪ ಫೋನು ಎತ್ತಿದರೆ, "ನಿಂಗಿ ಕೈಗೆ ಕೊಡು" ಎನ್ನುವುದರಲ್ಲಿ ಭಾವಂದಿರ ಮಾತುಕತೆ ಮುಗಿಯುತ್ತಿತ್ತು.

ಸಿನಿಮಾ ಬಿಡುಗಡೆಯಾಗುವ ವಾರ ಮಾದಪ್ಪ ತಾನೇ ಬಾವಿಕಟ್ಟೆ ಹತ್ತಿ ನಿಂತು ಫೋನು ಮಾಡಿದ. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ, ಅದೂ ಅರ್ಧ ಮಾತಿಗೆ.

"ಭಾವ, ಶುಕ್ರವಾರ ಒಂದು ಸಿನಿಮಾ ಬರ್ತಿದೆ. ನಂದಿಯಲ್ಲಿ ನನ್ನ ಹೆಸರಿದೆ."

ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳಿಸುತ್ತಿತ್ತು. ಬಸವೇಶ್ ಅದನ್ನು ನಿಲ್ಲಿಸಿದ.

"ನಂದಿಯಲ್ಲಾ?"

"ಹೂಂ, ನಂದಿಯಲ್ಲಿ."

"ಅಂದ್ರೆ, ಶಿವನ ಮುಂದೆ?"

ಗಾಳಿಯಲ್ಲಿ 'ಶಿವ' ಉದುರಿಹೋಗಿ ಮಾದಪ್ಪನ ಕಿವಿಗೆ 'ಮುಂದೆ' ಮಾತ್ರ ತಲುಪಿತು. "ಹೌದು ಭಾವ, ಮುಂದೇನೇ. ಸಿನಿಮಾ ಶುರುವಾಗ್ತಿದ್ದ ಹಾಗೇ ಬರುತ್ತೆ. ಎರಡೇ ಸೆಕೆಂಡು."

"ಎರಡು ಸೆಕೆಂಡಾದ್ರೇನು, ಅದೇನು ಕಮ್ಮಿ ಪುಣ್ಯವಾ?" ಬಸವೇಶನ ದನಿ ಮೆತ್ತಗಾಗಿತ್ತು. "ಊಟ ಆಯ್ತಾ, ಭಾವನೋರೇ?"

ಮಾದಪ್ಪ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ. ತಪ್ಪು ನಂಬರಿಗೆ ಹೋಗಿದೆಯೋ ಎಂದು ಅವನಿಗೆ ಅನುಮಾನ.

ಒಳಗೆ ಬಂದು ಹೆಂಡತಿಗೆ ಹೇಳಿದ. ನಿಂಗಮ್ಮ ಅಕ್ಕಿ ಆರಿಸುತ್ತಿದ್ದಳು. ಮದುವೆಯಾಗಿ ಬಂದಮೇಲೆ ಮಲಯಾಳ ಮಾತಾಡಲು ಕಲಿತವಳು, ಓದಲು ಬಾರದು. ಆದರೆ ಎರಡು ಭಾಷೆಯ ಎರಡು ನಂದಿಯೂ ಅವಳಿಗೆ ಗೊತ್ತಿದ್ದವು. ಎರಡು ಕಲ್ಲು ಆರಿಸುವಷ್ಟರಲ್ಲಿ ವಿಷಯ ಅವಳಿಗೆ ಹೊಳೆಯಿತು.

"ಅಣ್ಣ ತಿಳ್ಕೊಂಡಿರೋದು ಬಸವಣ್ಣ ಅಂತ."

"ಯಾವ ಬಸವಣ್ಣ?"

"ಎತ್ತು. ಶಿವನ ಸಿನಿಮಾದಲ್ಲಿ ನೀವು ನಂದಿ ವೇಷ ಹಾಕಿದೀರ ಅಂತ."

ಮಾದಪ್ಪ ಗಾಬರಿಯಾಗಿ ಮತ್ತೆ ಬಾವಿಕಟ್ಟೆಗೆ ಹೊರಟ. ನಿಂಗಮ್ಮ ಅವನ ಕೈಯಿಂದ ಫೋನು ತೆಗೆದು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದಳು.

"ಈಗ್ಲೇ ಬೇಡ. ಅವನು ಸಿನಿಮಾ ನೋಡೋನಲ್ಲ, ಬರೋನೂ ಅಲ್ಲ. ನಾಕು ದಿನ ನಿಮ್ಮನ್ನ ಮರ್ಯಾದೆಯಿಂದ ಮಾತಾಡಿಸ್ಲಿ. ಆಮೇಲೆ ನಾನೇ ಹೇಳ್ತೀನಿ."

ನಾಲ್ಕು ದಿನ ಮರ್ಯಾದೆ ಬಂತು, ಅದೂ ಬಾವಿಕಟ್ಟೆಯ ಮೇಲೆ, ಫೋನಿನಲ್ಲಿ, ದಿನಕ್ಕೆರಡು ಸಲ. ಮಾದಪ್ಪ ಒಂದು ಸುಳ್ಳನ್ನೂ ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಅವನು ನಿಜ ಹೇಳುತ್ತ ಹೋದ ಹಾಗೆಲ್ಲ ನಂದಿ ಬೆಳೆಯುತ್ತ ಹೋಯಿತು.

"ಕೊಂಬು ಭಾರ ಇತ್ತಾ ಭಾವನೋರೇ?"

"ಕೊಂಬು ಎಲ್ಲಿಂದ ಬಂತು ಭಾವ, ನಂಗೆ ಏಣಿನೇ ಭಾರವಾಗಿತ್ತು."

"ಏಣಿ ಅಂದ್ರೆ ಕೈಲಾಸಕ್ಕೆ ಹಾಕಿದ್ದಾ? ಸರಿ ಸರಿ. ಎಷ್ಟೊತ್ತು ಕೂರ್ಸಿದ್ರು?"

"ಎಲ್ಲಿ ಕೂರೋಕೆ ಬಿಟ್ರು. ನಾಕು ದಿನಾನೂ ನಿಂತೇ ಇದ್ದೆ."

ಬಸವೇಶ್ ಯೋಚಿಸಿದ. ಅವನು ಕಂಡ ನಂದಿಗಳೆಲ್ಲ ಕೂತಿದ್ದವು. "ಕೇರಳದ ಕಡೆ ನಿಂತಿರ್ತಾವೇನೋ ಬುಡಿ" ಎಂದು ಸಮಾಧಾನ ಹೇಳಿದ, ಮಾದಪ್ಪನಿಗೋ ತನಗೋ ತಿಳಿಯಲಿಲ್ಲ.

ಐದನೆಯ ದಿನ ಭಾನುವಾರ. ಬೆಳಿಗ್ಗೆ ಬಂದ ಫೋನಿನಲ್ಲಿ ಬಸವೇಶ್ ಒಂದೇ ಮಾತು ಹೇಳಿದ. "ಹೊರಟಿದೀವಿ. ಒಂದು ಟೆಂಪೋ. ಹದಿನೆಂಟು ಜನ."

ಗಡಿಯ ಬಾವಲಿಯ ಚೆಕ್‌ಪೋಸ್ಟಿನಲ್ಲಿ ಜಯನ್ ಎಂಬ ಕಾವಲಿನವನು ಟೆಂಪೋ ನಿಲ್ಲಿಸಿ ಒಳಗೆ ಇಣುಕಿದ. ಬಾಳೆಗೊನೆ, ತೆಂಗಿನಕಾಯಿ, ತೋಳುಗಾತ್ರದ ಹೂವಿನ ಹಾರ, ಗಂಟೆ, ಕರ್ಪೂರ, ಮತ್ತು ಹಿಂದಿನ ಸೀಟಿನಲ್ಲಿ ಒಂದು ಕಟ್ಟು ಹಸಿಹುಲ್ಲು. ಎಲ್ಲಿಗೆ ಎಂದು ಮಲಯಾಳದಲ್ಲಿ ಕೇಳಿದ. ಬಸವೇಶನಿಗೆ ಮಲಯಾಳ ಬಾರದಿದ್ದರೂ ಚೆಕ್‌ಪೋಸ್ಟಿನಲ್ಲಿ ಕೇಳುವ ಪ್ರಶ್ನೆ ಎಲ್ಲ ಭಾಷೆಯಲ್ಲೂ ಒಂದೇ ಎಂದು ಗೊತ್ತಿತ್ತು.

"ನಂದಿಗೆ" ಎಂದ.

ನಂದಿ ಹೇಳುವುದಕ್ಕೆ ಹೊರಟಿದ್ದಾರೆ ಎಂದು ಜಯನ್‌ಗೆ ಅರ್ಥವಾಯಿತು. "ಆರ್ಕ್ ನಂದಿ?" ಯಾರಿಗೆ ಎಂದು ಕೇಳಿದ.

ನಂದಿ ಯಾರದು ಎಂದು ಕೇಳುತ್ತಿದ್ದಾನೆ ಎಂದು ಬಸವೇಶನಿಗೆ ಅರ್ಥವಾಯಿತು. ಇಷ್ಟೂ ಗೊತ್ತಿಲ್ಲವಲ್ಲ ಎಂದು ಮರುಗಿ, "ಶಿವಂದು" ಎಂದ.

ತೃಶ್ಶಿಲೇರಿಯಲ್ಲಿ ಶಿವನ ದೇವಸ್ಥಾನ ಇದೆ. ಹರಕೆ ತೀರಿಸಲು ಆ ಕಡೆಯಿಂದ ಜನ ಬರುವುದು ಹೊಸದಲ್ಲ. ಜಯನ್ ರಿಜಿಸ್ಟರಿನಲ್ಲಿ 'ತೃಶ್ಶಿಲೇರಿ ಶಿವನಿಗೆ ಕೃತಜ್ಞತೆ' ಎಂದು ಬರೆದುಕೊಂಡು ಗೇಟು ಎತ್ತಿಸಿದ. ಕೊನೆಗೆ ಕುತೂಹಲಕ್ಕೆ ಹುಲ್ಲಿನ ಕಟ್ಟು ತೋರಿಸಿ ಹುಬ್ಬು ಹಾರಿಸಿದ.

"ಅದು ನಮ್ ಭಾವನೋರಿಗೆ" ಎಂದ ಬಸವೇಶ್.

ಭಾವ ಎಂಬ ಪದ ಜಯನ್‌ಗೆ ತಿಳಿದಿತ್ತು. ಅವನು ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತ. ಅದನ್ನು ಮಾತ್ರ ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಮನೆಯಂಗಳದಲ್ಲಿ ಬಸವೇಶ್ ಮಾದಪ್ಪನ ಕಾಲಿಗೆ ಬಗ್ಗಿದ. ಮಾದಪ್ಪ ಹಿಂದಕ್ಕೆ ಹಾರಿ ಕಾಫಿ ಒಣಗಿಸಿದ್ದ ಚಾಪೆಯ ಮೇಲೆ ಬಿದ್ದ. ಬಸವೇಶನ ಹೆಂಡತಿ ಕುಸುಮಾ ಅವನ ಸುತ್ತ ಒಂದು ಸುತ್ತು ಬಂದು, ಬೆನ್ನನ್ನು ಭಕ್ತಿಯಿಂದ ನೋಡಿ, "ಡುಬ್ಬ ಹೆಂಗೆ ಕಟ್ಟಿದ್ರಣ್ಣ, ಹತ್ತೀಲಾ, ತೆಂಗಿನ ನಾರಲ್ಲಾ?" ಎಂದು ಕೇಳಿದಳು. ಮಾದಪ್ಪ ನಿಂಗಮ್ಮನ ಕಡೆ ನೋಡಿದ. ಕಾಫಿ ಸೋಸಬೇಕೆಂದು ನಿಂಗಮ್ಮ ಒಳಗೆ ಹೋದಳು.

ಈಗ ಹೇಳಿಬಿಡಬೇಕು ಎಂದು ಅವನು ಗಂಟಲು ಸರಿಮಾಡಿಕೊಂಡ. "ಭಾವ, ಒಂದು ಮಾತು."

"ಆಮೇಲೆ ಹೇಳಿ. ನಾವು ಯಾರೂ ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲ. ದರ್ಶನ ಆದ್ಮೇಲೇನೇ ಎಲ್ಲ."

ಉಪವಾಸವಿರುವ ಹದಿನೆಂಟು ಜನರಿಗೆ ಸತ್ಯ ಹೇಳುವುದು ಕಷ್ಟ. ಸೋಸಿದ ಕಾಫಿ ಹಾಗೇ ಉಳಿಯಿತು. ಎಲ್ಲರೂ ಟೆಂಪೋ ಹತ್ತಿ ಮಾನಂತವಾಡಿಯ ಚಿತ್ರಮಂದಿರಕ್ಕೆ ಹೊರಟರು.

ಚಿತ್ರಮಂದಿರದ ಮುಂದಿನ ಪೋಸ್ಟರಿನಲ್ಲಿ ಗಡ್ಡದ ನಾಯಕನೊಬ್ಬ ಪಿಸ್ತೂಲು ಹಿಡಿದು ನಿಂತಿದ್ದ. ಬಸವೇಶ್ ಅದನ್ನು ತಲೆಯಿಂದ ಕಾಲಿನವರೆಗೆ ನೋಡಿ, "ತ್ರಿಶೂಲ ಕೊಡ್ಬಾರದಿತ್ತಾ ಕೈಗೆ" ಎಂದಷ್ಟೇ ಹೇಳಿದ. ಗೇಟಿನವನು ಪುಣ್ಯಕ್ಕೆ ಕರ್ಪೂರವನ್ನೂ ಬೆಂಕಿಪೊಟ್ಟಣವನ್ನೂ ಹೊರಗೇ ತೆಗೆದಿಟ್ಟುಕೊಂಡ. ಗಂಟೆ, ಹೂವು, ತೆಂಗಿನಕಾಯಿ, ಬಾಳೆಹಣ್ಣಿನ ಚೀಲ ಸೆರಗಿನ ಮರೆಯಲ್ಲಿ ಒಳಗೆ ಹೋದವು. ಒಳಗೆ ಆಗಲೇ ಒಂಬತ್ತು ಜನ ಕೂತಿದ್ದರು. ದೀಪ ಆರಿತು.

ಹಿಂದೆ ಒಂದು ಸಿನಿಮಾಕ್ಕೆ ಒಬ್ಬ ನಿರ್ಮಾಪಕ ಇರುತ್ತಿದ್ದ. ಅವನ ಕಂಪನಿಯ ಗುರುತು ಒಂದು ಸಲ ಮಿನುಗಿ ಹೋದರೆ ಕತೆ ಶುರು. ಈಗ ಒಂದು ಸಿನಿಮಾಕ್ಕೆ ಹತ್ತು ಕಂಪನಿ ಕೈಜೋಡಿಸಬೇಕು. ಒಂದೊಂದು ಕಂಪನಿಗೂ ಒಂದು ಪ್ರಾಣಿಯೋ ಪಕ್ಷಿಯೋ ಇದೆ, ಅದಕ್ಕೊಂದು ಬೆಳಕಿದೆ, ಎದೆ ನಡುಗಿಸುವ ನಗಾರಿಯಿದೆ. ಪ್ರೇಕ್ಷಕರು ಆ ಹೊತ್ತಿನಲ್ಲಿ ಕಡಲೆಕಾಯಿ ಬಿಡಿಸುತ್ತಾರೆ. ಬಸವೇಶನ ಕಡೆಯವರು ಅಂಥವರಲ್ಲ.

ಮೊದಲು ಆನೆಯೊಂದು ಸೊಂಡಿಲೆತ್ತಿತು. ಹದಿನೆಂಟು ಜನ ಕೈಮುಗಿದರು. ಮೊದಲು ಗಣಪತಿ, ಕ್ರಮ ಸರಿಯಾಗಿದೆ ಎಂದ ಬಸವೇಶ್. ಆಮೇಲೆ ದೀಪವೊಂದು ತಾನಾಗಿ ಹತ್ತಿಕೊಂಡಿತು. ನವಿಲು ಗರಿ ಬಿಚ್ಚಿತು, ಸುಬ್ರಹ್ಮಣ್ಯ ಎಂದು ಹಿಂದಿನಿಂದ ಯಾರೋ ಹೇಳಿದರು. ಹದ್ದೊಂದು ಭೂಮಿಗೆ ಪ್ರದಕ್ಷಿಣೆ ಹಾಕಿದಾಗ, "ವಿಷ್ಣೂನೂ ಬಂದ" ಎಂದು ಕುಸುಮಾ ಕೆನ್ನೆ ತಟ್ಟಿಕೊಂಡಳು. ಸಮುದ್ರದಿಂದ ಬಂಗಾರದ ಅಕ್ಷರಗಳು ಎದ್ದುಬಂದವು, ಅದು ಕ್ಷೀರಸಾಗರ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಇಷ್ಟು ಶಾಸ್ತ್ರೋಕ್ತವಾಗಿ ಶುರುವಾಗುವ ಸಿನಿಮಾವನ್ನು ಬಸವೇಶ್ ಕಂಡಿರಲಿಲ್ಲ. ಮಾದಪ್ಪ ಕುರ್ಚಿಯಲ್ಲಿ ಜಾರುತ್ತ ಜಾರುತ್ತ ಈಗ ಕತ್ತಿನ ಮೇಲೆ ಕೂತಿದ್ದ. ಇವೆಲ್ಲ ಮುಗಿದು ನಂದಿಯ ಪುಟಗಳು ಬಂದರೆ ಸಾಕು, ಹೆಸರು ನೋಡಿಕೊಂಡು ಶರಣಾಗೋಣ ಎಂದುಕೊಂಡ.

ಹತ್ತನೆಯ ಕಂಪನಿಯ ಗುರುತು ಏನೆಂದು ಅವನಿಗೆ ಹೇಗೆ ಗೊತ್ತಿರಬೇಕು?

ಪರದೆ ಕಪ್ಪಾಯಿತು. ಎಲ್ಲೋ ಒಂದು ಗಂಟೆ ಬಾರಿಸಿತು. ಮಂಜಿನೊಳಗಿಂದ ಬಿಳಿಯ ಎತ್ತೊಂದು ನಿಧಾನವಾಗಿ ನಡೆದುಬಂದು, ತಲೆಯೆತ್ತಿ, ಮೂಗಿನಿಂದ ಹಬೆ ಬಿಟ್ಟು, ಸೀದಾ ಬಸವೇಶನ ಕಣ್ಣನ್ನೇ ನೋಡಿತು.

ಬಸವೇಶ್ ಎದ್ದು ನಿಂತ. ಅವನ ಹಿಂದೆ ಹದಿನೇಳು ಜನ ಎದ್ದರು. ಗಂಟೆ ಬಾರಿಸಿತು, ಮುಂದಿನ ಮೆಟ್ಟಿಲಿನ ಮೇಲೆ ತೆಂಗಿನಕಾಯಿ ಒಡೆಯಿತು, ಹೂವು ಪರದೆಯ ಕಡೆ ಹಾರಿತು. "ಕಣ್ಣು ಥೇಟ್ ಮಾದಪ್ಪಣ್ಣಂದೇ" ಎಂದು ಕುಸುಮಾ ಕಣ್ಣೊರೆಸಿಕೊಂಡಳು. ಎತ್ತು ಮೂರು ಸೆಕೆಂಡಿಗೆ ಕಂಪನಿಯ ಹೆಸರಾಗಿ ಕರಗಿಹೋದರೂ ಮಂಗಳಾರತಿಯ ಪದ ಮುಗಿಯಲಿಲ್ಲ. ಎತ್ತಿದ ಕೈಗಳ ಆಚೆ ನಂದಿಯ ಪುಟಗಳು ಒಂದೊಂದಾಗಿ ಬಂದು ಹೋದವು. ಮಾದಪ್ಪ ಇವರ ಭುಜ ಅವರ ಭುಜದ ಮೇಲಿಂದ ಹಾರಿ ಹಾರಿ ನೋಡಿದ. ಕಂಡದ್ದು 'ಶ್ರೀ' ಎಂಬ ಒಂದಕ್ಷರ. ಜನ ಕೂರುವ ಹೊತ್ತಿಗೆ ಕತೆ ಶುರುವಾಗಿ ಜೀಪೊಂದು ಕಣಿವೆಗೆ ಬೀಳುತ್ತಿತ್ತು.

ದೀಪ ಹತ್ತಿತು. ಮ್ಯಾನೇಜರ್ ಸುಜೀಶ್ ಬಂದು ತೆಂಗಿನ ಹೋಳನ್ನೂ ಜನರನ್ನೂ ನೋಡಿದ. ಮಾದಪ್ಪ ಅವನನ್ನು ಬಾಗಿಲ ಹತ್ತಿರ ಎಳೆದುಕೊಂಡು ಹೋಗಿ, ಏಣಿ, ಅನಘ, ಆ ನಂದಿ, ಈ ನಂದಿ, ಭಾವ, ಇಪ್ಪತ್ತಾರು ವರ್ಷ, ಎಲ್ಲವನ್ನೂ ಮಲಯಾಳದಲ್ಲಿ ಒಂದೇ ಉಸಿರಿಗೆ ಹೇಳಿದ. ಸುಜೀಶ್ ಮುಖ ಗಂಟಿಕ್ಕಿಕೊಂಡೇ ಕೇಳಿದ. ಆದರೆ ಆ ಸಿನಿಮಾಕ್ಕೆ ಬಿಡುಗಡೆಯಾದ ಮೂರು ದಿನದಲ್ಲಿ ಇಷ್ಟು ಜನ ಬಂದಿರಲಿಲ್ಲ, ಬಂದವರು ಯಾರೂ ಎದ್ದು ನಿಂತು ನೋಡಿರಲಿಲ್ಲ.

"ನೆಲ ಒರೆಸಬೇಕು. ಆಮೇಲೆ ಮೊದಲಿಂದ ಹಾಕ್ತೀನಿ. ನಂದಿ ಬಂದಾಗ ಒಂದೊಂದು ಪುಟಾನೂ ನಿಲ್ಲಿಸೋಕೆ ಆಪರೇಟರ್‌ಗೆ ಹೇಳ್ತೀನಿ. ನಿಮ್ಮ ಹೆಸರು ನೀವು ನೋಡ್ಕೊಳ್ಳಿ. ಆಮೇಲೆ ಅವರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

ಆನೆ ಮತ್ತೆ ಸೊಂಡಿಲೆತ್ತಿತು. ಹದಿನೆಂಟು ಜನ ಮತ್ತೆ ಕೈಮುಗಿದರು, ಈ ಸಲ ಹಸಿವಿನಿಂದ ಸ್ವಲ್ಪ ನಿಧಾನವಾಗಿ. ಎತ್ತು ಬಂದು ಹೋಯಿತು. ನಂದಿ ಎಂಬ ತಲೆಬರಹದ ಮೊದಲ ಪುಟ ಬಂದು ಗಕ್ಕನೆ ನಿಂತಿತು.

ಮಾದಪ್ಪ ಪರದೆಯ ಹತ್ತಿರ ಹೋಗಿ ನಿಂತ. ಒಂದನೆಯ ಪುಟ ದೊಡ್ಡ ಅಧಿಕಾರಿಗಳದು, ಎರಡನೆಯದರಲ್ಲೂ ಮೂರನೆಯದರಲ್ಲೂ ಲಾಡ್ಜು, ಬ್ಯಾಂಕು, ಆಸ್ಪತ್ರೆ. ನಾಲ್ಕನೆಯದು ತೃಶ್ಶಿಲೇರಿ. ವೇಲಾಯುಧನ್ ಇದ್ದ, ಅವನ ಅಂಗಡಿ ಇತ್ತು, ದೇವಸ್ಥಾನದ ಸಮಿತಿ ಇತ್ತು, ಉಳುಮೆಯ ದೃಶ್ಯಕ್ಕೆ ಬಂದಿದ್ದ ಕರಿಯನ್ ಇದ್ದ. ಮಾದಪ್ಪ ಇರಲಿಲ್ಲ. ಅವನು ಮೇಲಿಂದ ಕೆಳಗೆ ಓದಿದ, ಕೆಳಗಿಂದ ಮೇಲೆ ಓದಿದ. ಅರಣ್ಯ ಅಧಿಕಾರಿಯ ಹೆಸರಿನ ಕೆಳಗೆ, ವಾರ್ಡ್ ಮೆಂಬರ್ ಹೆಸರಿನ ಮೇಲೆ, ಅವನ ಮನೆಯಿಂದ ಒಂದು ಹೆಸರು ಇತ್ತು. ಅದು ಅವನದಲ್ಲ.

"ಏನ್ ಬರೆದದೆ? ಓದಿ ಭಾವನೋರೇ, ನಾವೂ ಕೇಳನ" ಎಂದ ಬಸವೇಶ್.

ಆ ಹದಿನೆಂಟು ಜನರಲ್ಲಿ ಮಲಯಾಳ ಓದಲು ಬರುವವರು ಯಾರೂ ಇಲ್ಲ. ನಿಂಗಮ್ಮನಿಗೂ ಬಾರದು. ಸುಜೀಶ್ ಮೇಲೆ ಆಪರೇಟರ್ ಕೋಣೆಯಲ್ಲಿದ್ದ. ಆ ಒಂಬತ್ತು ಜನಕ್ಕೆ ಮಾದಪ್ಪ ಯಾರು ಎಂದೇ ಗೊತ್ತಿಲ್ಲ. ಒಬ್ಬ ಮನುಷ್ಯನಿಗೆ ಇಂಥ ಅನುಕೂಲ ಜನ್ಮಕ್ಕೊಮ್ಮೆ ಒದಗುತ್ತದೆ. ಮಾದಪ್ಪ ಬೆರಳೆತ್ತಿಕೊಂಡು ನಿಂತ, ಬೆರಳು ಇಳಿಸಿದ, ಮತ್ತೆ ಎತ್ತಿದ.

"ನಿಂಗಮ್ಮ, ತೃಶ್ಶಿಲೇರಿ. ಹೀಗೆ ಬರೆದಿದೆ."

"ನಮ್ ನಿಂಗೀನಾ?"

"ಹೂಂ."

ಬಸವೇಶ್ ತಂಗಿಯ ಕಡೆ ತಿರುಗಿದ. "ಹಂಗಾದ್ರೆ ನಂದಿ ವೇಷ ನೀನು ಹಾಕಿದ್ದಾ?"

ಮಾದಪ್ಪ ಹೇಳಿದ. ಮಲಯಾಳದ ನಂದಿ ಎತ್ತಲ್ಲ, ಉಪಕಾರ ಸ್ಮರಣೆ. ತಾನು ಯಾವ ವೇಷವನ್ನೂ ಹಾಕಿಲ್ಲ, ಹಿಡಿದದ್ದು ಏಣಿ. ನಾಲ್ಕು ದಿನವೂ ಆ ಹುಡುಗಿ ಅನಘ ಊಟಕ್ಕೆ ಬರುತ್ತಿದ್ದದ್ದು ನಿಂಗಮ್ಮನ ಅಡುಗೆಮನೆಗೆ, ಹೆಸರು ಬರೆದುಕೊಂಡದ್ದೂ ಅಲ್ಲೇ ಇರಬೇಕು. "ನೀವು ಫೋನಲ್ಲಿ ಊಟ ಆಯ್ತಾ ಅಂತ ಕೇಳಿದ್ರಿ. ಅದಕ್ಕೇ ಹೇಳೋಕೆ ಆಗ್ಲಿಲ್ಲ" ಎಂದ.



"ಮತ್ತೆ ಆ ಎತ್ತು?" ಕುಸುಮಾ ಸಣ್ಣ ದನಿಯಲ್ಲಿ ಕೇಳಿದಳು.

"ಅದು ಕಂಪನಿ, ತಂಗ್ಯವ್ವ."

ಬಸವೇಶ್ ಮೀಸೆಯ ಒಂದು ತುದಿಯನ್ನು ಬಹಳ ಹೊತ್ತು ಹೊಸೆದ. "ಅವಳ ಹೆಸರಿನ ಮೇಲೆ ಯಾರದದೆ?"

"ಫಾರೆಸ್ಟ್ ಸಾಹೇಬ್ರದು."

"ಕೆಳಗೆ?"

"ವಾರ್ಡ್ ಮೆಂಬರದು."

ಬಸವೇಶ್ ಜೇಬಿನಿಂದ ಫೋನು ತೆಗೆದು ಪರದೆಯ ಚಿತ್ರ ಹೊಡೆದು ಊರಿನ ಗುಂಪಿಗೆ ಕಳಿಸಿದ. ಆಮೇಲೆ ಮಾದಪ್ಪನ ಕಡೆ ನೋಡಿದ. ಈಗ ಏನೆಂದು ಕರೆಯುತ್ತಾನೆ ಎಂದು ಟೆಂಪೋದವರೆಲ್ಲ ಕಾದರು.

"ಮಾದಪ್ಪ" ಎಂದ. ಭಾವನೋರು ಹೋಗಿಬಿಟ್ಟಿತ್ತು. "ನೀನು ಓದಿದ್ದೇ ಓದು. ನಿನ್ನ ಹೆಸರು ಓದಿದ್ರೂ ನಮ್ಗೆ ಏನು ಗೊತ್ತಾಗ್ತಿತ್ತು?" ಪಕ್ಕದ ಕುರ್ಚಿಯ ಮೇಲಿದ್ದ ಬಾಳೆಹಣ್ಣಿನ ಚೀಲವನ್ನು ಎತ್ತಿ ನೆಲಕ್ಕಿಟ್ಟ. "ಬಾ, ಇಲ್ಲಿ ಕೂತ್ಕೋ."

ನಿಂಗಮ್ಮ ಇನ್ನೂ ಪರದೆ ನೋಡುತ್ತಿದ್ದಳು. "ಯಾವ್ದು ನಂದು?" ಎಂದು ಕೇಳಿದಳು. ಮಾದಪ್ಪ ತೋರಿಸಿದ. "ಇಷ್ಟು ದುಂಡಗಾ ಬರೀತಾರಾ ನನ್ನ?" ಎಂದು ತಲೆ ಓರೆ ಮಾಡಿ ನೋಡಿ, ಸಾಕಾದ ಮೇಲೆ, "ಇನ್ನು ಮುಂದೆ ಬಿಡಿ" ಎಂದು ಮೇಲಿನ ಕಿಂಡಿಯ ಕಡೆ ಕೈಯಾಡಿಸಿದಳು.

ಜೀಪು ಎರಡನೆಯ ಸಲ ಕಣಿವೆಗೆ ಬಿತ್ತು. ಕತೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಮಧ್ಯಂತರದಲ್ಲಿ ಉಪವಾಸ ಮುರಿದು ಬಾಳೆಹಣ್ಣು ಹಂಚಿದರು, ಸುಜೀಶನಿಗೂ ನಾಲ್ಕು ಹೋದವು. ಕೊನೆಗೆ ನಾಯಕ ಬೆಟ್ಟದ ಮೇಲೆ ಒಬ್ಬನೇ ನಿಂತ. ಕಪ್ಪು ಪರದೆಯ ಮೇಲೆ ಬಿಳಿ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೊರಟವು. ಆ ಒಂಬತ್ತು ಜನ ಎದ್ದು ಹೋದರು. ಬಸವೇಶ್ ಎದ್ದ, ಕುಸುಮಾ ಸೀರೆ ಕೊಡವಿಕೊಂಡಳು. ನಿಂಗಮ್ಮ ಏಳಲಿಲ್ಲ.

"ಓದಿ" ಎಂದಳು ಗಂಡನಿಗೆ.

"ಇದು ನಂದಿ ಅಲ್ಲ ಮಾರಾಯ್ತಿ. ಕೆಲಸ ಮಾಡಿದವರ ಹೆಸರು. ಯಾರ್ಯಾರದೋ."

"ಯಾರದೋ ಅಂದ್ರೆ? ಅವರ ಮನೆಯೋರೂ ಎಲ್ಲೋ ಒಂದು ಕಡೆ ಹಿಂಗೇ ಬಂದು ಕೂತಿರ್ತಾರೆ. ನಾವು ಎದ್ದು ಹೋದ್ರೆ ಹೆಂಗೆ?"

ಮಾದಪ್ಪ ಓದಿದ. ಲೈಟು, ರಾಘವನ್. ಮೇಕಪ್ಪಿಗೆ ಸಹಾಯ, ನಿಷ. ಜನರೇಟರು, ಗೋವಿಂದನ್. ಸಾಲುಗಳು ಓಡುತ್ತಿದ್ದವು, ಇವನು ಉಸಿರು ಹಿಡಿದು ಹಿಂದಿನಿಂದ ಓಡಿದ. ಬಸವೇಶ್ ಎರಡು ಸಾಲು ನಿಂತು ಕೇಳಿದ, ಮೂರನೆಯದಕ್ಕೆ ಕೂತ. ಅವನ ಹಿಂದೆ ಉಳಿದವರೂ ಕೂತರು.

"ಆ ಗೋವಿಂದನ್ ಏನ್ ಮಾಡಿದ್ನಂತೆ?"

"ಜನರೇಟರ್ ನೋಡ್ಕೊಂಡ."

"ಪಾಪ, ಆ ಸದ್ದಲ್ಲಿ. ಒಳ್ಳೇದಾಗ್ಲಿ. ಮುಂದೆ ಓದು."

ಬಟ್ಟೆ ಒಗೆದವರು ಬಂದರು, ಸದ್ದು ಸೇರಿಸಿದವರು ಬಂದರು, ಕಂಪ್ಯೂಟರಿನಲ್ಲಿ ಮಳೆ ಹಾಕಿದ ಅರವತ್ತು ಜನ ಬ್ಯಾಂಡಿನವರ ಹಾಗೆ ಸಾಲಾಗಿ ಬಂದರು. ಒಬ್ಬೊಬ್ಬರಿಗೂ ಹದಿನೆಂಟು ಜನ ಒಳ್ಳೇದಾಗ್ಲಿ ಎಂದರು. ಮೇಲೆ ಸುಜೀಶ್ ದೀಪ ಹಾಕುವ ಗುಂಡಿಯ ಮೇಲೆ ಇಟ್ಟ ಬೆರಳನ್ನು ತೆಗೆದು, ತಾನೂ ಬಗ್ಗಿ ಕಿಂಡಿಯಿಂದ ನೋಡತೊಡಗಿದ.

ಹೊರಗೆ ಹಾರನ್ ಹೊಡೆದು ಹೊಡೆದು ಸಾಕಾಗಿ ಟೆಂಪೋದ ಚಾಲಕ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಸಿನಿಮಾ ಮುಗಿದಿಲ್ಲವಾ ಎಂದು ಕೇಳಿದ.

"ಬಾ, ಕೂತ್ಕೋ" ಎಂದ ಬಸವೇಶ್, ಪರದೆಯಿಂದ ಕಣ್ಣು ತೆಗೆಯದೆ. "ಇನ್ನೂ ಡ್ರೈವರುಗಳದು ಬಂದಿಲ್ಲ."